ಅಪ್ಪನ ಡಿಸ್ಕಿನೊಳಗಿನ ರಾಕ್ಷಸಿ

ಸತ್ತವರು ಬಾಯಿ ಮುಚ್ಚಿಕೊಂಡಿದ್ದ ಕಾಲವೊಂದಿತ್ತಂತೆ. ತಾತ ಹೋದರೆ ತಾತನ ಕನ್ನಡಕ, ಊರುಗೋಲು, ಗೋಡೆಯ ಮೇಲೊಂದು ಪಟ, ಇಷ್ಟೇ ಉಳಿಯುತ್ತಿದ್ದವು. ಪಟಕ್ಕೆ ಹೂವು ಮುಡಿಸಿ ಏನು ಕೇಳಿದರೂ ಪಟ ಸುಮ್ಮನೆ ನೋಡುತ್ತಿತ್ತು. ಈ ಕಥೆ ಆ ಕಾಲದ್ದಲ್ಲ. ದೊಡ್ಡಬಳ್ಳಾಪುರದ ಮನೆಮನೆಯಲ್ಲೂ ದೇವರ ಗೂಡಿನ ಪಕ್ಕದಲ್ಲಿ ಒಂದು ಹಿರಿದನಿ ಪೆಟ್ಟಿಗೆ ಕೂತು, ಹೋದವರು ಇದ್ದವರಿಗಿಂತ ಹೆಚ್ಚು ಮಾತಾಡತೊಡಗಿದ್ದ ಕಾಲದ್ದು.

ಹಿರಿದನಿ ಅಂದರೆ ಅಂಥ ಮಾಯವೇನೂ ಅಲ್ಲ. ಹಿರಿಯರು ಬದುಕಿದ್ದಾಗ ಆಡಿದ ಮಾತನ್ನು ಹತ್ತಿಪ್ಪತ್ತು ಗಂಟೆಯಷ್ಟು ಹಿಡಿದಿಟ್ಟಿದ್ದರೆ ಸಾಕು. ಯಂತ್ರ ಅದನ್ನು ಎಳೆ ಎಳೆಯಾಗಿ ಬಿಡಿಸಿಕೊಂಡು, ಈ ಕೊರಳು ಎಲ್ಲಿ ಏರುತ್ತದೆ, ಎಲ್ಲಿ ನಗುತ್ತದೆ, ಎಂಥ ಪ್ರಶ್ನೆಗೆ ಈ ಜೀವ ಎಂಥ ಉತ್ತರ ಕೊಡುತ್ತಿತ್ತು ಎಂಬುದನ್ನೆಲ್ಲ ಕಲಿಯುತ್ತಿತ್ತು. ಕಲಿತು, ಹೊಸ ಪ್ರಶ್ನೆಗೆ ಹೊಸದಾಗಿ ಮಾತು ನೇಯುತ್ತಿತ್ತು. ಮೊದಮೊದಲು ಜನ ಅದನ್ನು ಮನೆಗೆ ತಂದದ್ದು ಅಳುವುದಕ್ಕೆ. ಆಮೇಲೆ ಕೇಳುವುದಕ್ಕೆ. ದೇವಸ್ಥಾನದಲ್ಲಿ ಮೂರ್ತಿಯ ಮೈಮೇಲಿನ ಹೂವು ಬಲಕ್ಕೆ ಬೀಳುತ್ತದೋ ಎಡಕ್ಕೆ ಬೀಳುತ್ತದೋ ಎಂದು ಕಾದು ಪ್ರಸಾದ ಕೇಳುವ ಜನವಲ್ಲವೇ ನಾವು? ಹೆಣ್ಣು ಕೊಡುವ ಮೊದಲು, ಬೋರ್ವೆಲ್ ಕೊರೆಸುವ ಮೊದಲು, ಮಗುವಿನ ಕಿವಿ ಚುಚ್ಚಿಸುವ ಮೊದಲು ಪೆಟ್ಟಿಗೆಯ ಮುಂದೆ ದೀಪ ಹಚ್ಚಿ ಅಪ್ಪಣೆ ಕೇಳುವುದು ವಾಡಿಕೆಯಾಯಿತು. ಊರಿನ ಒಂದು ನಿಶ್ಚಿತಾರ್ಥದಲ್ಲಿ ಗಂಡಿನ ತಾತನೂ ಹೆಣ್ಣಿನ ತಾತನೂ ಎರಡು ಪೆಟ್ಟಿಗೆಗಳೊಳಗಿಂದಲೇ ಮುಕ್ಕಾಲು ಗಂಟೆ ಜಗಳವಾಡಿ, ಕೊನೆಗೆ ಅಡುಗೆಯವರೇ ಬಂದು ಎರಡನ್ನೂ ಆರಿಸಿ ಎಲೆ ಹಾಕಿಸಿದ್ದರಂತೆ.

ಈ ಪೆಟ್ಟಿಗೆಗಳು ತಯಾರಾಗುತ್ತಿದ್ದ ಹಿರಿದನಿ ಕೇಂದ್ರದಲ್ಲಿ ಮೇದಿನಿಗೆ ಕೆಲಸ. ಮೂರನೇ ಮಹಡಿಯ ಆಲಿಕೆ ಕೋಣೆ ಅವಳದು. ಪೆಟ್ಟಿಗೆ ಮನೆಗೆ ಹೋಗುವ ಮೊದಲು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಯಂತ್ರ ನೇಯ್ದ ದನಿಯಲ್ಲಿ ಎಲ್ಲಾದರೂ ಎಳೆ ತಪ್ಪಿದೆಯೇ ಎಂದು ಅವಳು ಹುಡುಕಬೇಕು. ಉಸಿರು ಎಳೆದುಕೊಳ್ಳದೆ ಉದ್ದ ವಾಕ್ಯ ಆಡಿತೇ, ಬೇಸರದಲ್ಲಿ ಆಡುವ ಮಾತನ್ನು ಸಂತೋಷದ ಕೊರಳಲ್ಲಿ ಆಡಿತೇ ಎಂದು ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಪೆಟ್ಟಿಗೆ ಒಯ್ಯಲು ಬಂದ ಮನೆಯವರು ಬಾಗಿಲಲ್ಲಿ ನಿಂತು, ಇದು ನಿಜವಾಗಿ ನಮ್ಮಪ್ಪನೇನಾ ತಾಯಿ ಎಂದು ಕೇಳುತ್ತಿದ್ದರು. ಹೂವು ಅವರದ್ದೇ, ಕಟ್ಟುವುದಷ್ಟೇ ಯಂತ್ರ ಎಂದು ಮೇದಿನಿ ಹೇಳುತ್ತಿದ್ದಳು. ಅವಳಿಗೆ ಆ ಮಾತು ಕಲಿಸಿದವರು ಕೇಂದ್ರದ ಮುಖ್ಯಸ್ಥರಾದ ಪಶುಪತಿ ಸರ್. ಹೇಳುವಾಗ ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಅನುಮಾನವಿರುತ್ತಿರಲಿಲ್ಲ, ಏಕೆಂದರೆ ಅವಳ ಮನೆಯಲ್ಲೂ ಒಂದು ಪೆಟ್ಟಿಗೆ ಇತ್ತು.

ಅದರೊಳಗಿದ್ದದ್ದು ಅವಳ ತಾಯಿಯ ತಾಯಿ ಸಂಜೀವಮ್ಮ. ಮೇದಿನಿಯನ್ನು ಬೆಳೆಸಿದ್ದು ಅನ್ನವೋ ಅಜ್ಜಿಯ ಕಥೆಗಳೋ ಹೇಳುವುದು ಕಷ್ಟ. ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಗೋಡೆಗೊರಗಿ, ಕಾಲು ಚಾಚಿ, ಅಡಕತ್ತರಿಯಲ್ಲಿ ಅಡಕೆ ಕತ್ತರಿಸುತ್ತ ಶುರು ಮಾಡುತ್ತಿದ್ದಳು. ಕೇಳುವವರು ಹೂಂಗುಟ್ಟಬೇಕು, ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಆ ಕಥೆಗಳಲ್ಲಿ ಏಳು ಸಮುದ್ರಗಳಿದ್ದವು. ದೊಡ್ಡಬಳ್ಳಾಪುರದ ಹುಡುಗಿ ಸಮುದ್ರ ನೋಡಿರಲಿಲ್ಲ, ಸಮುದ್ರದ ಸದ್ದು ಮಾತ್ರ ಗೊತ್ತಿತ್ತು, ಅದೂ ಅಜ್ಜಿ ಬಾಯಲ್ಲೇ ಮಾಡಿ ತೋರಿಸುತ್ತಿದ್ದ ಸದ್ದು. ಅಪ್ಪ ಲಕ್ಷ್ಮೀಪತಿ ರೇಷ್ಮೆ ಸೀರೆಯ ಸೆರಗು ಅಂಚುಗಳಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆಯುವವನು. ಅತ್ತೆಯ ಕಥೆಗಳೆಂದರೆ ಅವನಿಗೂ ಪ್ರಾಣ. ಮೈಕು ಮುಂದಿಟ್ಟು ಎರಡು ವರ್ಷ ರೆಕಾರ್ಡ್ ಮಾಡಿದ್ದ. ಮೇದಿನಿಗೆ ಒಂಬತ್ತಾಗಿದ್ದಾಗ ಅಜ್ಜಿ ಹೋದಳು. ಹನ್ನೆರಡಾಗಿದ್ದಾಗ, ಹೊಸ ಡಿಸೈನ್ ತರಲು ಸೂರತ್ತಿಗೆ ಹೊರಟ ಅಪ್ಪ ಅಲ್ಲಿಯ ಲಾಡ್ಜಿನಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಎಲ್ಲರ ದನಿ ಹಿಡಿದಿಟ್ಟವನ ದನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಹದಿನೈದಾದಾಗ ಅಮ್ಮ ಸರ್ವಮಂಗಳ ಆ ರೆಕಾರ್ಡಿಂಗುಗಳನ್ನೆಲ್ಲ ಕೇಂದ್ರಕ್ಕೆ ಕೊಟ್ಟು ಅಜ್ಜಿಯನ್ನು ಮನೆಗೆ ಕರೆತಂದಳು.

ಇಪ್ಪತ್ತೆರಡಾದಾಗ ಮೇದಿನಿಗೆ ಒಂದು ಪತ್ರ ಬಂತು. ಕಾರವಾರದಿಂದ ಎಷ್ಟೋ ದೂರ, ಅರಬ್ಬಿ ಸಮುದ್ರದ ಎಂಟುನೂರು ಮೀಟರ್ ಆಳದಲ್ಲಿ ಒಂದು ಕೇಂದ್ರ. ಅಲ್ಲಿ ಕೂತು ಕಡಲಿನ ಸದ್ದುಗಳನ್ನು ಆಲಿಸುವ ಕೆಲಸ. ತಿಮಿಂಗಿಲ ಎಲ್ಲಿ ತಿರುಗಿತು, ನೆಲ ಎಲ್ಲಿ ಬಿರಿಯಿತು ಎಂದು ಕಿವಿಯಿಂದಲೇ ಹೇಳಬಲ್ಲವರು ಅವರಿಗೆ ಬೇಕಿತ್ತು. ಮೂರು ವರ್ಷದ ಮಟ್ಟಿಗೆ ಹೋಗಬೇಕು, ನಡುವೆ ಮೇಲೆ ಬರುವಂತಿಲ್ಲ. ಮೇದಿನಿ ಕುಣಿದಾಡಿದಳು. ಅಮ್ಮ ಒಂದು ಮಾತೂ ಅಡ್ಡ ಹೇಳಲಿಲ್ಲ. ನಾಲ್ಕು ದಿನ ಬಿಟ್ಟು, ಅಜ್ಜಿಯನ್ನ ಒಂದು ಮಾತು ಕೇಳಿಬಿಡು ಅಂದಳು, ಅಷ್ಟೇ.

ಅಜ್ಜಿ ಹೇಳಿದಳು: "ಬ್ಯಾಡ ಮಗಾ. ಈ ಹೊಸ್ತಿಲು ದಾಟಬ್ಯಾಡ. ನೀನು ದಾಟಿದ್ರೆ ನಾನು ಉಳಿಯಲ್ಲ."

ಸತ್ತ ಅಜ್ಜಿ, ಉಳಿಯಲ್ಲ ಅಂದರೆ ಏನರ್ಥ? ಪೆಟ್ಟಿಗೆ ಮೂಕವಾಗುತ್ತದೆಯೇ? ಒಂದು ಸಲ ಸತ್ತವಳು ತನ್ನಿಂದಾಗಿ ಇನ್ನೊಂದು ಸಲ ಸಾಯಬೇಕೇ? ಮೇದಿನಿ ಎರಡು ದಿನ ಅತ್ತು, ಬರಲಾರೆನೆಂದು ಬರೆದು ಹಾಕಿದಳು. ಮುಂದಿನ ತಿಂಗಳೇ ಪಶುಪತಿ ಸರ್ ಕರೆದು ಕೆಲಸ ಕೊಟ್ಟರು. ನಲವತ್ತು ಅರ್ಜಿಗಳಲ್ಲಿ ನಿನ್ನ ಕಿವಿಯನ್ನೇ ಆರಿಸಿದೆ ಎಂದಿದ್ದರು. ಆ ಮಾತು ಅವಳ ಗಾಯಕ್ಕೆ ಹಚ್ಚಿದ ಬೆಣ್ಣೆಯಾಗಿತ್ತು.

ಏಳು ವರ್ಷ ಕಳೆಯಿತು. ಈಗ ಮತ್ತೆ ಅದೇ ಕೇಂದ್ರದಿಂದ ಅದೇ ಕೆಲಸಕ್ಕೆ ಪತ್ರ. ಮೂವತ್ತು ದಾಟಿದವರನ್ನು ಕೆಳಗೆ ಕಳಿಸುವುದಿಲ್ಲ, ಮೇದಿನಿಗೆ ಇಪ್ಪತ್ತೊಂಬತ್ತು ನಡೆಯುತ್ತಿತ್ತು. ಶುಕ್ರವಾರದೊಳಗೆ ಉತ್ತರ ಬರೆಯಬೇಕು, ಇನ್ನೊಂದು ಪತ್ರ ಬರುವುದಿಲ್ಲ. ಸೋಮವಾರ ಸಂಜೆ ಅಮ್ಮ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಾಗ ಮೇದಿನಿ ದೀಪ ಹಚ್ಚಿ ಪೆಟ್ಟಿಗೆಯ ಮುಂದೆ ಕೂತಳು.

"ಬ್ಯಾಡ ಮಗಾ. ಈ ಹೊಸ್ತಿಲು ದಾಟಬ್ಯಾಡ. ನೀನು ದಾಟಿದ್ರೆ ನಾನು ಉಳಿಯಲ್ಲ."

ಏಳು ವರ್ಷದ ಹಿಂದೆ ಈ ಮಾತು ಕೇಳಿದ್ದು ಅಳುವ ಹುಡುಗಿ. ಈಗ ಕೇಳಿದ್ದು ಸಾವಿರಾರು ಸತ್ತವರ ಉಸಿರಾಟ ಎಣಿಸಿದ ಕಿವಿ. ದಾಟಿದ್ರೆ ಎಂಬುದಕ್ಕೂ ನಾನು ಎಂಬುದಕ್ಕೂ ನಡುವೆ, ದೂರದಲ್ಲಿ, ಟಕ್ ಎಂದು ಅಡಕತ್ತರಿಯ ಸದ್ದಾಯಿತು. ಯಂತ್ರ ದನಿ ನೇಯುತ್ತದೆಯೇ ಹೊರತು ಅಡಕೆ ಕತ್ತರಿಸುವುದಿಲ್ಲ. ಮೇದಿನಿ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದಳು. ಅದೇ ಉತ್ತರ, ಅದೇ ಉಸಿರು, ಅದೇ ಟಕ್. ಬದುಕಿದ್ದವರೂ ಒಂದು ಮಾತನ್ನು ಎರಡು ಸಲ ಒಂದೇ ಥರ ಆಡುವುದಿಲ್ಲ, ಹಿರಿದನಿಯಂತೂ ಆಡಲೇಬಾರದು. ಹಾಗೆ ಆಡಿತೆಂದರೆ ಅದು ನೇಯ್ದ ಮಾತಲ್ಲ, ಎಲ್ಲಿಂದಲೋ ಕತ್ತರಿಸಿ ತಂದು ಹೊಲಿದ ತುಂಡು. ಮೂರನೇ ಸಲ ಕೇಳುವಷ್ಟರಲ್ಲಿ ಅಮ್ಮ, ಎಷ್ಟು ಸಲ ಕೇಳ್ತೀಯ, ಹಿರಿಯರಿಗೆ ಬೇಜಾರಾಗಲ್ವಾ ಎಂದು ಹುಣಸೆಬೀಜಗಳನ್ನು ಗುಡಿಸಿಕೊಂಡು ಎದ್ದು ಹೋದಳು.

ಕೇಂದ್ರದಲ್ಲಿ ನೌಕರರು ತಮ್ಮ ಮನೆಯವರ ಕಡತ ತೆರೆಯುವಂತಿರಲಿಲ್ಲ. ಆದರೆ ಮೂಲ ರೆಕಾರ್ಡಿಂಗ್ ಇದ್ದದ್ದು ಅಪ್ಪನ ಕಂಪ್ಯೂಟರಿನಲ್ಲಿ. ಅದು ಎಂದೋ ಕೆಟ್ಟು ಗುಜರಿಗೆ ಹೋಗಿತ್ತು. ಹೋಗುವ ಮೊದಲು ಅದರ ಹಾರ್ಡ್ ಡಿಸ್ಕನ್ನು ಅಮ್ಮ ಬಿಚ್ಚಿಸಿ ಅಪ್ಪನ ಟ್ರಂಕಿನಲ್ಲಿಟ್ಟಿದ್ದಳು. ಅದೂ ಸತ್ತಿದೆ, ಏನೂ ಬರಲ್ಲ ಎಂದು ಅವಳು ಯಾವಾಗಲೂ ಹೇಳುತ್ತಿದ್ದಳು. ಮರುದಿನ ಅಮ್ಮ ನೀರು ಹಿಡಿಯಲು ಹೋದಾಗ ಮೇದಿನಿ ಟ್ರಂಕು ತೆಗೆದಳು. ಅಪ್ಪನ ಹಳೆಯ ಪಂಚೆಯಲ್ಲಿ ಸುತ್ತಿದ್ದ ಡಿಸ್ಕು, ಇಟ್ಟಿಗೆಯ ಚೂರಿನಷ್ಟು ತೂಕ. ಈ ಕಾಲದ ಯಾವ ಕಂಪ್ಯೂಟರಿಗೂ ಅದನ್ನು ಸಿಕ್ಕಿಸುವ ಜಾಗವಿಲ್ಲ. ಇಂಥ ಹಳೆಯ ಕಂಪ್ಯೂಟರು ಇನ್ನೂ ಉಸಿರಾಡುತ್ತಿದ್ದದ್ದು ಊರಿನಲ್ಲಿ ಒಂದೇ ಕಡೆ: ಜಕಾರ್ಡ್ ಮಗ್ಗಗಳ ಪಕ್ಕದಲ್ಲಿ. ಸೀರೆಯ ಡಿಸೈನನ್ನು ಮಗ್ಗಕ್ಕೆ ಓದಿ ಹೇಳುವ ಆ ಕಂಪ್ಯೂಟರುಗಳನ್ನು, ಮುಟ್ಟಿದರೆ ಎಲ್ಲಿ ನೇಯ್ಗೆ ಕೆಟ್ಟೀತೋ ಎಂಬ ಭಯಕ್ಕೆ ಯಾರೂ ಬದಲಾಯಿಸಿರಲಿಲ್ಲ.

ಜರೀನಕ್ಕನ ಮಗ್ಗದ ಶೆಡ್ಡಿಗೆ ಮೇದಿನಿ ಹೋದಾಗ ಮಧ್ಯಾಹ್ನ ಹನ್ನೆರಡೂವರೆ. ಮಗ್ಗಗಳ ಸದ್ದಿಗೆ ನೆಲ ನಡುಗುತ್ತಿತ್ತು. ಜರೀನಕ್ಕ ಲಕ್ಷ್ಮೀಪತಿಯ ಡಿಸೈನುಗಳನ್ನು ನೇಯ್ದವಳು, ಅವನ ಮಗಳನ್ನು ತೊಡೆಯ ಮೇಲೆ ಆಡಿಸಿದವಳು. ಡಿಸ್ಕನ್ನು ತಿರುಗಿಸಿ ಮುರುಗಿಸಿ ನೋಡಿ, ಇವಳ ಮುಖ ನೋಡಿದಳು.

"ಏನಮ್ಮಾ ಇದು? ನಿಮ್ಮ ಕೇಂದ್ರದಲ್ಲಿ ಸತ್ತೋರನ್ನೆಲ್ಲ ಎಬ್ಬಿಸಿ ಕೂರಿಸ್ತೀರಂತೆ. ಒಂದು ಡಿಸ್ಕ್ ಎಬ್ಬಿಸೋಕೆ ನನ್ನ ಮಗ್ಗ ನಿಲ್ಲಿಸಬೇಕಾ?"

ಊಟದ ಹೊತ್ತು ಮುಗಿಯುವವರೆಗೆ ಸಾಕು ಅಕ್ಕಾ ಎಂದು ಮೇದಿನಿ ಬೇಡಿಕೊಂಡಳು. ಜರೀನಕ್ಕ ಒಂದು ಮಗ್ಗ ನಿಲ್ಲಿಸಿ ಅದರ ಕಂಪ್ಯೂಟರು ಆರಿಸಿ, ಸ್ಕ್ರೂ ಬಿಚ್ಚಿ, ಪಕ್ಕದ ತಗಡನ್ನು ಎಳೆದು ತೆಗೆದಳು. ಒಳಗೆಲ್ಲ ರೇಷ್ಮೆಯ ಧೂಳು ಹೊಸ ಹತ್ತಿಯ ಹಾಗೆ ಮೆತ್ತಿತ್ತು. ಬಾಯಿಂದ ಊದಿದಳು, ಬ್ರಷ್ಷಿನಿಂದ ಗುಡಿಸಿದಳು. ಮಗ್ಗದ್ದೇ ಡಿಸ್ಕು ಒಂದಿತ್ತು, ಅದನ್ನು ಕದಲಿಸುವಂತಿಲ್ಲ. ಕಂಪ್ಯೂಟರು ಎದ್ದೇಳುವುದೇ ಅದರಿಂದ. ಅಪ್ಪನ ಡಿಸ್ಕನ್ನು ಎರಡನೆಯದಾಗಿ ಸೇರಿಸಬೇಕು. ಕರೆಂಟಿನ ವೈರಿನ ತುದಿಯೊಂದು ಖಾಲಿ ಇತ್ತು, ಆದರೆ ಮಾಹಿತಿ ಸಾಗುವ ಕೇಬಲ್ ಹೆಚ್ಚುವರಿ ಇರಲಿಲ್ಲ. ಜರೀನಕ್ಕ ಯೋಚಿಸಿ, ಎಷ್ಟೋ ವರ್ಷದಿಂದ ಯಾರೂ ಬಳಸದ ಸಿ.ಡಿ. ಡ್ರೈವಿನ ಕೇಬಲ್ ಕಿತ್ತು ಇದಕ್ಕೆ ಚುಚ್ಚಿದಳು. ಕೂರಿಸುವ ಗೂಡು ಖಾಲಿ ಇಲ್ಲದ್ದರಿಂದ ಡಿಸ್ಕನ್ನು ಒಂದು ರಟ್ಟಿನ ಮೇಲೆ ಮಲಗಿಸಿದರು.

ಗುಂಡಿ ಒತ್ತಿದಾಗ ಡಿಸ್ಕು ಹೊಟ್ಟೆಯೊಳಗೆ ಮೆಲ್ಲಗೆ ಸುತ್ತತೊಡಗಿದ್ದು ಮೇದಿನಿಯ ಬೆರಳಿಗೆ ತಿಳಿಯಿತು. ಪರದೆ ಬೆಳಗಿತು. ಆದರೆ ಪಟ್ಟಿಯಲ್ಲಿ ಮಗ್ಗದ ಡಿಸ್ಕೊಂದೇ. ಮತ್ತೆ ಆರಿಸಿ, ಕೇಬಲ್ ಕಿತ್ತು, ತುದಿಯನ್ನು ಸೆರಗಿನಿಂದ ಒರೆಸಿ, ಗಟ್ಟಿಯಾಗಿ ಒತ್ತಿದರು. ಈ ಸಲ ಪಟ್ಟಿಯಲ್ಲಿ ಎರಡನೆಯ ಹೆಸರು ಬಂತು. ಮೇದಿನಿ ಅದರ ಮೇಲೆ ಒತ್ತಿದಳು. ಈ ಕಡತ ತೆರೆಯಲು ನಿಮಗೆ ಅನುಮತಿಯಿಲ್ಲ ಎಂದು ಪರದೆ ಹೇಳಿತು.

ಇಲ್ಲೂ ಅಪ್ಪಣೆಯೇ ಎಂದು ಮೇದಿನಿಗೆ ಅಳು ಬರುವ ಹಾಗಾಯಿತು. ಜರೀನಕ್ಕ ನಕ್ಕಳು. ಸತ್ತ ಡಿಸೈನರುಗಳ ಡಿಸ್ಕುಗಳನ್ನು ಅವಳು ಎಷ್ಟೋ ತೆರೆದಿದ್ದಳು. ನಿಮ್ಮಪ್ಪ ತನ್ನ ಹೆಸರಿಗೆ ಬೀಗ ಹಾಕಿಕೊಂಡಿದ್ದಾನೆ, ಬೇರೆ ಕಂಪ್ಯೂಟರಿಗೆ ಅವನು ಯಾರೋ ಗೊತ್ತಿಲ್ಲ, ಕಡತಗಳನ್ನ ಈ ಕಂಪ್ಯೂಟರಿನ ಹೆಸರಿಗೆ ಖಾತೆ ಮಾಡಿಸಿದರಾಯಿತು ಎಂದು ವಿವರಿಸಿ, ನಾಲ್ಕೈದು ಕಡೆ ಒತ್ತಿದಳು. ಹಸಿರು ಗೆರೆಯೊಂದು ಬಸವನಹುಳದ ಹಾಗೆ ತೆವಳಿ ಬಲತುದಿ ಮುಟ್ಟಿತು. ಸತ್ತಿದೆ ಎಂದು ಅಮ್ಮ ಹೇಳುತ್ತಿದ್ದ ಡಿಸ್ಕಿನ ಹೊಟ್ಟೆ ತೆರೆದುಕೊಂಡಿತು. ಸೆರಗಿನ ಹಂಸಗಳು, ಅಂಚಿನ ಮಾವಿನಕಾಯಿಗಳು, ಅವುಗಳ ನಡುವೆ 'ಅತ್ತೆ ಕಥೆ' ಎಂಬ ಕಡತ.

ಜರೀನಕ್ಕ ಬುತ್ತಿ ತೆಗೆದುಕೊಂಡು ಹೊರಗೆ ಹೋದಳು. ಮೇದಿನಿ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಕಥೆಯ ತಲೆ ಕೇಳುತ್ತ ಹೋದಳು. ಹದಿನೇಳನೆಯದರಲ್ಲಿ, ಮೊದಲಿಗೆ, ಗಂಡು ದನಿಯೊಂದು ಬಂತು. "ಶುರು ಮಾಡಿ ಅತ್ತೆ."

ಮೂರೇ ಮಾತು. ಹದಿನೇಳು ವರ್ಷದ ಮೇಲೆ ಅಪ್ಪನ ದನಿ. ಮೇದಿನಿ ಅದನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು, ಮತ್ತೆ ಕೇಳಿದಳು. ಆಮೇಲೆ ಕಥೆಯನ್ನು ಹೋಗಲು ಬಿಟ್ಟಳು.

ಅದೊಂದು ರಾಕ್ಷಸಿಯ ಕಥೆ. ಕಾಡಿನಲ್ಲಿ ಸಿಕ್ಕ ಮನುಷ್ಯರ ಕೂಸನ್ನು ಅವಳು ತಿನ್ನದೆ ಸಾಕಿಕೊಳ್ಳುತ್ತಾಳೆ. ಎಣ್ಣೆ ಹಚ್ಚಿ ಎರೆಯುತ್ತಾಳೆ, ಜಡೆ ಹೆಣೆಯುತ್ತಾಳೆ, ಹೊರಗಿನದನ್ನು ಮಾತ್ರ ತೋರಿಸುವುದಿಲ್ಲ. ಕೂಸು ದೊಡ್ಡದಾಗಿ, ಒಂದು ದಿನ ಬಾಗಿಲ ಹತ್ತಿರ ನಿಂತು ಸಮುದ್ರ ನೋಡಬೇಕು ಅನ್ನುತ್ತದೆ. ರಾಕ್ಷಸಿಗೆ ಅಜ್ಜಿ ದಪ್ಪ ದನಿ ಕೊಡುತ್ತಿರಲಿಲ್ಲ, ಅದೇ ಅವಳ ಹೆಚ್ಚುಗಾರಿಕೆ. ರಾಕ್ಷಸಿಯೂ ಅಜ್ಜಿಯ ಹಾಗೇ ಅಕ್ಕರೆಯಿಂದ ಮಾತಾಡುತ್ತಿದ್ದಳು.

"ಬ್ಯಾಡ ಮಗಾ. ಈ ಹೊಸ್ತಿಲು ದಾಟಬ್ಯಾಡ. ನೀನು ದಾಟಿದ್ರೆ," ಟಕ್, "ನಾನು ಉಳಿಯಲ್ಲ."

ಕಥೆ ಮುಂದಕ್ಕೆ ಹೋಗುತ್ತಿತ್ತು. ಹುಡುಗಿ ಹೊಸ್ತಿಲು ದಾಟಿದಳಂತೆ. ಇಲ್ಲಿ ಹೂಂ ನಿಂತಿತು. ನಿದ್ದೆ ಬಂತೇನೇ ಎಂದು ಅಜ್ಜಿ ಕೇಳಿದಳು. ಇಲ್ಲ ಎಂದಿತು ಒಂದು ಪುಟ್ಟ ದನಿ, ಮೇದಿನಿಯದೇ, ಐದು ವರ್ಷದ್ದು. "ರಾಕ್ಷಸಿ ಸತ್ತೋದ್ಲಾ ಅಜ್ಜಿ?"

"ಎಲ್ಲಿ ಸಾಯ್ತಾಳೆ? ಅವಳು ಹಂಗೆ ಹೇಳ್ತಾಳೆ ಅಷ್ಟೇ ಕಣೇ. ಒಂದು ದಿನ ಅತ್ಲು, ಎರಡು ದಿನ ಅತ್ಲು. ಮೂರನೇ ದಿನ ಎದ್ದು ಮುಖ ತೊಳ್ಕೊಂಡು ರಾಗಿ ಬೀಸ್ಕೊಂಡ್ಲು. ಹೋಗೋರು ಹೋಗಬೇಕು, ಇರೋರು ಬೀಸ್ಕೋಬೇಕು."

ಅಪ್ಪ ನಕ್ಕದ್ದು ಕೇಳಿಸಿತು. ಮತ್ತೊಬ್ಬರೂ ನಕ್ಕರು, ಹೆಂಗಸು, ಮೈಕಿಗೆ ಹತ್ತಿರದಲ್ಲೇ. ನಗುವಿನ ಕೊನೆಗೆ ಆ ಎಳೆಯ ದನಿ ಹೇಳಿತು: "ಅಯ್ಯೋ ಅವ್ವ, ಅವಳಿಗೆ ಹಿಂಗೆಲ್ಲ ಹೇಳಿಕೊಡಬೇಡ. ನಾಳೆ ನನ್ನೂ ಬಿಟ್ಟು ಹೋಗ್ತಾಳೆ."

ಅಮ್ಮ. ಅಮ್ಮ ಅಲ್ಲೇ ಕೂತಿದ್ದಳು. ಅಮ್ಮನಿಗೆ ಈ ಮಾತು ಯಾರದೆಂದು ಗೊತ್ತಿತ್ತು, ಕಥೆ ಎಲ್ಲಿ ಮುಗಿಯಿತೆಂಬುದೂ ಗೊತ್ತಿತ್ತು.

ಊಟದ ಹೊತ್ತು ಮುಗಿದು ಮಗ್ಗಗಳು ಮತ್ತೆ ಶುರುವಾದವು. ಏನಾದರೂ ಸಿಕ್ಕಿತಾ ಎಂದು ಕೇಳುತ್ತ ಬಂದ ಜರೀನಕ್ಕ ಇವಳ ಮುಖ ನೋಡಿ, ಡಿಸ್ಕನ್ನು ಬಿಚ್ಚಿ ಕೈಗೆ ಕೊಟ್ಟು ತಗಡು ಮುಚ್ಚಿದಳು.

ಮೇದಿನಿ ನೇರ ಕೇಂದ್ರಕ್ಕೆ ನಡೆದಳು. ನಿಯಂತ್ರಣ ಕೋಣೆಯ ಉದ್ದನೆಯ ಗೋಡೆಯ ಮೇಲೆ ಊರಿನ ಪೆಟ್ಟಿಗೆಗಳೆಲ್ಲ ಪುಟ್ಟ ಪುಟ್ಟ ದೀಪಗಳಾಗಿ ಮಿನುಗುತ್ತಿದ್ದವು; ಯಾವ ಮನೆಯಲ್ಲಿ ಹಿರಿಯರು ಮಾತಾಡುತ್ತಿದ್ದಾರೋ ಆ ದೀಪ ಹಳದಿಯಾಗುತ್ತಿತ್ತು. ಪಶುಪತಿ ಸರ್ ಟೀ ಕುಡಿಯುತ್ತ ಅದನ್ನೇ ನೋಡುತ್ತಿದ್ದರು. ತನ್ನ ಅಜ್ಜಿಯ ಪೆಟ್ಟಿಗೆಯಲ್ಲಿ ಕತ್ತರಿಸಿ ಹೊಲಿದ ಮಾತು ಯಾಕಿದೆ ಎಂದು ಮೇದಿನಿ ಕೇಳಿದಳು. ಅವರು ಲೋಟ ಕೆಳಗಿಟ್ಟರು, ಸುಳ್ಳು ಹೇಳಲಿಲ್ಲ. ಇಷ್ಟು ದಿನ ನಿನ್ನ ಕಿವಿಗೆ ಸಿಗದೆ ಇದ್ದದ್ದೇ ನನಗೆ ಆಶ್ಚರ್ಯ ಅಂದರು.

ಅದಕ್ಕೆ ಮೇಲಿನ ಮಹಡಿಯಲ್ಲಿ ಮೊಳೆ ಅನ್ನುತ್ತಾರಂತೆ. ಇಂಥ ಪ್ರಶ್ನೆ ಬಂದರೆ ಇಂಥದೇ ಉತ್ತರ ಬರಬೇಕೆಂದು ಮನೆಯ ಹಿರಿಯರೊಬ್ಬರು ಬಂದು ಕೇಳಿಕೊಂಡರೆ ಒಂದು ಮೊಳೆ ಹೊಡೆದುಕೊಡುತ್ತಾರೆ. ಆಲಿಕೆ ಕೋಣೆಯವರು ಕೇಳಿ ಕಳಿಸಿದ ಮೇಲೆ ಅದನ್ನು ಹೊಡೆಯುವುದು, ಹಾಗಾಗಿ ಅವರಿಗೆ ಗೊತ್ತಾಗುವುದಿಲ್ಲ. ಅಳಿಯನಿಗೆ ಅಂಗಡಿ ಬಿಟ್ಟುಕೊಡಬೇಡ, ತಮ್ಮನ ಜೊತೆ ಜಗಳ ಸಾಕು ಮಾಡು, ಕುಡಿಯೋದು ಬಿಡು. ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಗೋಡೆಯ ಮೇಲಿನ ದೀಪಗಳಲ್ಲಿ ಎಷ್ಟರಲ್ಲಿ ಮೊಳೆಯಿದೆ ಎಂದು ಮೇದಿನಿ ಕೇಳಿದಳು. ಅರ್ಧಕ್ಕಿಂತ ಹೆಚ್ಚೇ ಇರಬಹುದು ಎಂದರು. ಅಷ್ಟು ಮನೆಗಳ ಬಾಗಿಲಲ್ಲಿ ನಿಂತವರಿಗೆ, ಹೂವು ಅವರದ್ದೇ ಎಂದು ಹೇಳಿ ಕಳಿಸಿದ ಬಾಯಿ ಅವಳದು.

"ಪೂಜಾರಿ ಏನು ಮಾಡ್ತಾನಮ್ಮಾ," ಎಂದರು ಸರ್, ಪಾಠ ಹೇಳುವ ಅದೇ ಮೃದು ದನಿಯಲ್ಲಿ. "ಬಲಗಡೆ ಹೂವನ್ನ ಒಣಗಿಸಿ ಇಟ್ಟಿರ್ತಾನೆ, ಎಡಗಡೆ ಹೂವನ್ನ ಒದ್ದೆ ಮಾಡಿ ಅಂಟಿಸಿರ್ತಾನೆ. ಬಲಕ್ಕೆ ಬೀಳತ್ತೆ. ಕೇಳೋಕೆ ಬಂದೋನು ನೆಮ್ಮದಿಯಾಗಿ ಮನೆಗೆ ಹೋಗ್ತಾನೆ."

ಆ ವಾಕ್ಯವನ್ನು ಆರಿಸಿದ್ದು ಯಾರು ಎಂದು ಮೇದಿನಿ ಕೇಳಿದಳು. ಏಳು ವರ್ಷದ ಹಿಂದೆ ಅಮ್ಮ ಮೊಳೆ ಹೊಡೆಸಲು ಬಂದಾಗ ಕೇಂದ್ರದವರು ಬೇರೆ ತುಂಡುಗಳನ್ನು ತೋರಿಸಿದ್ದರಂತೆ. ಸರ್ವಮಂಗಳಮ್ಮ ಯಾವುದಕ್ಕೂ ಒಪ್ಪದೆ, ರಾಕ್ಷಸಿಯ ಕಥೆ ತೆಗೆಯಿರಿ, ಅದರಲ್ಲಿದೆ ಎಂದು ತಾವೇ ಹೇಳಿದರಂತೆ. ಅಷ್ಟೇ ಅಲ್ಲ, ಮಗಳು ಮನೆಯಲ್ಲಿ ಕೂತು ಕೊರಗದ ಹಾಗೆ ಒಂದು ಕೆಲಸ ಕೊಡಿ ಎಂದೂ ಕೇಳಿಕೊಂಡಿದ್ದರು. ನಲವತ್ತು ಅರ್ಜಿ ಬಂದಿರಲಿಲ್ಲ, ಬಂದದ್ದು ಒಂದೇ. ನಿನ್ನ ಕಿವಿ ಇಷ್ಟು ಚೆನ್ನಾಗಿದೆ ಅಂತ ಆಮೇಲೆ ಗೊತ್ತಾಯಿತು, ಅದು ನಮ್ಮ ಅದೃಷ್ಟ ಎಂದು ಅವರು ಸಮಾಧಾನ ಮಾಡುವವರ ಹಾಗೆ ಹೇಳಿದರು.

ಅವಳು ಕದಲದೆ ನಿಂತದ್ದು ನೋಡಿ ಪಶುಪತಿ ಸರ್ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಈಗಲೇ ಆ ಮೊಳೆ ಕೀಳುತ್ತೇನೆ, ನೀನೇ ಕೇಳು, ಅಜ್ಜಿ ಏನು ಹೇಳುತ್ತಾಳೋ ನೋಡೋಣ ಎಂದರು. ಮೇದಿನಿಗೆ, ಹೋಗು ಮಗಾ ಎಂದು ಆ ದನಿಯಲ್ಲಿ ಒಂದು ಸಲ ಕೇಳಿದರೆ ಸಾಕಿತ್ತು. ಆದರೆ ಕೀಲಿಮಣೆಯ ಮೇಲಿದ್ದ ಸರ್ ಬೆರಳುಗಳನ್ನು ನೋಡಿದಳು. ಮೊಳೆ ಕೀಳುವ ಬೆರಳೂ ಅವೇ, ಹೊಡೆಯುವ ಬೆರಳೂ ಅವೇ. ಅಜ್ಜಿ ಹೋಗು ಅಂದರೂ ಅದು ಅಜ್ಜಿ ಅಂದದ್ದೆಂದು ಇನ್ನು ತಾನು ಹೇಗೆ ನಂಬುವುದು? ಹದಿನಾಲ್ಕು ವರ್ಷ ಸಂಜೆ ಸಂಜೆ ಆ ಪೆಟ್ಟಿಗೆಗೆ ಹೂಂಗುಟ್ಟಿದ್ದಳಲ್ಲ, ಅದರಲ್ಲಿ ಎಷ್ಟು ಅಜ್ಜಿಗೆ, ಎಷ್ಟು ಇವರಿಗೆ?

ಬೇಡ ಸರ್ ಎಂದಳು. ಆಲಿಕೆ ಕೋಣೆಯ ಬೀಗದ ಕೈಯನ್ನು ಅವರ ಟೀ ಲೋಟದ ಪಕ್ಕದಲ್ಲಿಟ್ಟು ಮೆಟ್ಟಿಲಿಳಿದಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಮ್ಮ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಮೇದಿನಿ ಡಿಸ್ಕನ್ನು ಜಗಲಿಯ ಮೇಲಿಟ್ಟಳು. ಅಮ್ಮ ಅದನ್ನು ನೋಡಿದಳು, ಮಗಳನ್ನು ನೋಡಿದಳು, ತಂತಿಯ ಮೇಲಿದ್ದ ಸೀರೆಯ ಹಿಂದೆ ಸರಿದು ನಿಂತಳು. ಸೀರೆಯ ಆಚೆಯಿಂದಲೇ ಮಾತು ಬಂತು.

"ಜರೀನಾ ಹತ್ರ ಹೋಗಿದ್ಯಾ?"

"ಸತ್ತಿದೆ ಅಂದಿದ್ದೆ."

ಸೀರೆ ಅಲುಗಾಡಿತು.

"ಅಜ್ಜಿ ನನಗೆ ಹೇಳಿದ ಮಾತು ಅಲ್ವಲ್ಲಮ್ಮ ಅದು. ರಾಕ್ಷಸಿ ಹೇಳಿದ್ದು. ನೀನೂ ಕೂತು ನಕ್ಕಿದ್ದೀಯ ಅದಕ್ಕೆ."

ಆಗ ಸರ್ವಮಂಗಳ ಸೀರೆ ಸರಿಸಿ ಈಚೆ ಬಂದಳು. ಅಳುತ್ತಿರಲಿಲ್ಲ; ಏಳು ವರ್ಷದಿಂದ ಈ ದಿನಕ್ಕೆ ತಯಾರಾಗಿ ದಣಿದಿದ್ದವಳ ಮುಖ ಅದು. ನಿಮ್ಮಪ್ಪ ನಗುನಗುತ್ತಾ ಬಸ್ಸು ಹತ್ತಿದ್ದ, ನಾಲ್ಕು ದಿನಕ್ಕೆ ಬರ್ತೀನಿ ಅಂದಿದ್ದ, ಹೆಣದ ಪೆಟ್ಟಿಗೆಯಲ್ಲಿ ಬಂದ ಎಂದಳು. ನೆಲದ ಮೇಲೆ ಹೋದವನೇ ಹಾಗಾದರೆ, ನೀರಿನ ಕೆಳಗೆ ಹೋದವಳನ್ನು ಎಲ್ಲಿ ಹುಡುಕಲಿ ಎಂದಳು. ನೀನು ಯಾವತ್ತೂ ನನ್ನ ಮಾತು ಕೇಳಿದವಳಲ್ಲ, ಅಜ್ಜಿ ಮಾತು ಅಂದರೆ ಮಾತ್ರ ಕುತ್ತಿಗೆ ಬಗ್ಗಿಸುತ್ತಿದ್ದೆ, ನಾನು ಇನ್ನೇನು ಮಾಡಲಿ ಎಂದಳು.

"ನೀನು ಕೇಳೇ ಇಲ್ಲ," ಎಂದಳು ಮೇದಿನಿ. "ಒಂದು ಸಲಾನಾದ್ರೂ ನಿನ್ನ ಬಾಯಿಂದ, ಹೋಗಬೇಡ ಮೇದಿನಿ, ನಂಗೆ ಭಯ ಆಗತ್ತೆ ಅಂದಿದ್ದಿದ್ರೆ, ನಾನು ಉಳೀತಿದ್ನೋ ಏನೋ. ಜಗಳ ಆಡಿ, ಅತ್ತು, ಉಳೀತಿದ್ದೆ. ನಿನಗೋಸ್ಕರ ಉಳಿದೆ ಅಂತ ಗೊತ್ತಾದ್ರೂ ಇರ್ತಿತ್ತು."

ಅಮ್ಮ ಬಟ್ಟೆಗಳನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು. ಮೇದಿನಿ ಒಳಗೆ ಹೋಗಿ, ನಡುಮನೆಯಲ್ಲಿ ಕೂತು ಪತ್ರ ಬರೆದಳು. ಬರುತ್ತೇನೆ ಎಂದು ಒಂದೇ ಸಾಲು. ಕಳಿಸಿಯೂ ಬಿಟ್ಟಳು. ಸಂತೋಷವಾಗಬೇಕಿತ್ತು. ಇಪ್ಪತ್ತೆರಡರ ಹುಡುಗಿ ಕುಣಿದ ಹಾಗೆ ಕಾಲುಗಳು ತಾವಾಗಿಯೇ ಕುಣಿಯಬೇಕಿತ್ತು. ಅವು ನೆಲಕ್ಕೆ ಅಂಟಿದ ಹಾಗಿದ್ದವು. ದೇವರ ಗೂಡಿನ ಪಕ್ಕದಲ್ಲಿ ಪೆಟ್ಟಿಗೆ ಎಂದಿನಂತೆ ಕೂತಿತ್ತು. ದೀಪದ ಹೊತ್ತಾಗಿದ್ದರೂ ಅದರ ಮುಂದೆ ಆ ದಿನ ಯಾರೂ ದೀಪ ಹಚ್ಚಲಿಲ್ಲ.

ಹದಿನೈದು ದಿನ ಒಂದೇ ಮನೆಯಲ್ಲಿ ಎರಡು ಮನೆಗಳ ಹಾಗೆ ಬದುಕಿದರು. ಊಟಕ್ಕೆ ಬಾ, ಬಾಗಿಲು ಹಾಕು, ನೀರು ಬಂತು, ಇಂಥವೇ ಮಾತು. ಜರೀನಕ್ಕ ಒಂದು ದಿನ ಬಂದು ಇಬ್ಬರ ನಡುವೆ ಕೂತು, ಹೋಗುವವಳಿಗೆಂದು ತಂದ ಚಕ್ಕುಲಿ ತಾನೇ ಅರ್ಧ ತಿಂದು, ನಿಮ್ಮಿಬ್ಬರಿಗಿಂತ ನನ್ನ ಮಗ್ಗ ವಾಸಿ, ಗಲಾಟೆಯಾದರೂ ಮಾಡುತ್ತದೆ ಎಂದು ಬೈದು ಹೋದಳು.

ಹೊರಡುವ ಬೆಳಿಗ್ಗೆ ಮೇದಿನಿ ಬ್ಯಾಗಿನ ಜಿಪ್ ಎಳೆಯುತ್ತಿದ್ದಾಗ ಅಮ್ಮ ಬಂದು ಬಾಗಿಲ ಚೌಕಟ್ಟಿಗೆ ಒರಗಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಹೋಗಬೇಡ," ಎಂದಳು. "ನಂಗೆ ಭಯ ಆಗತ್ತೆ ಮೇದಿನಿ."

ಮೇದಿನಿ ಕೈ ನಿಲ್ಲಿಸಿದಳು. ಅದು ಅಮ್ಮನದೇ ದನಿ, ಅಮ್ಮನದೇ ಮಾತು. ಆದರೆ ಆ ಮಾತನ್ನು ಹೀಗೆ ಹೇಳಬೇಕಿತ್ತೆಂದು ತಾನೇ ಹೇಳಿಕೊಟ್ಟಿದ್ದಳಲ್ಲವೇ? ಅಮ್ಮನಿಗೆ ನಿಜವಾಗಿ ಹಾಗನ್ನಿಸಿ ಬಂದಳೋ, ಮಗಳನ್ನು ನಿಲ್ಲಿಸುವ ಮಾತು ಇದೇ ಎಂದು ತಿಳಿದು ಬಂದಳೋ, ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳುವ ದಾರಿಯನ್ನೇ ಅಮ್ಮ ಏಳು ವರ್ಷದ ಹಿಂದೆ ಮುಚ್ಚಿಬಿಟ್ಟಿದ್ದಳು. ಅಮ್ಮನಿಗೆ ಬಹುಶಃ ನಿಜವಾಗಿಯೇ ಭಯವಾಗಿತ್ತು. ಅದನ್ನು ನಂಬಲು ಮಗಳಿಗೆ ಆಗಲಿಲ್ಲ.

ಹತ್ತಿರ ಹೋಗಿ ಕಾಲಿಗೆ ನಮಸ್ಕಾರ ಮಾಡಿದಳು. ಅಮ್ಮ ತಲೆ ಮುಟ್ಟಿದಳು. ಆ ಕೈ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಇತ್ತು.

"ಕೆಳಗಿಂದ ಫೋನ್ ಮಾಡೋಕಾಗತ್ತಾ?" ಅಮ್ಮ ಕೇಳಿದಳು.

"ವಾರಕ್ಕೊಂದು ಸಲ."

"ಮಾಡ್ತೀಯಾ?"

ಮೇದಿನಿ ಬ್ಯಾಗನ್ನು ಹೆಗಲಿಗೇರಿಸಿಕೊಂಡಳು. "ಮಾಡ್ತೀನಮ್ಮ. ಆದ್ರೆ ಆ ಕಡೆಯಿಂದ ನೀನೇ ಮಾತಾಡಬೇಕು."

ಅಮ್ಮ ಆಗಲಿ ಎಂಬಂತೆ ತಲೆಯಾಡಿಸಿದಳು. ಬಸ್ಸು ಹೆದ್ದಾರಿಗೆ ತಿರುಗುವವರೆಗೂ ಮೇದಿನಿ ಆ ತಲೆಯಾಡಿಸುವಿಕೆಯನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದಳು, ಅದನ್ನು ಎಷ್ಟು ನಂಬಬಹುದೆಂದು ತಿಳಿಯದೆ.